ಪತ್ತಾರ ಕಾಕಾ ಒತ್ತಿಕೊಟ್ಟ ಬೆಳ್ಳಿ ಪಟ್ಟಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಲ್ಲಿ ಸಂಶೋಧನೆಗೆಂದು ಅತಿವಾಹಕ (ಸೂಪರ್‌ಕಂಡಕ್ಟರ್) ತಂತಿಯ ಬೆನ್ನು ಹತ್ತಿದ್ದೆ. ಬೆಳ್ಳಿಯ ಕೊಳವೆಯೊಳಗೆ ಕಪ್ಪು ಪುಡಿ ತುಂಬಿ, ಎಳೆದು, ಪಟ್ಟಿಯಾಗಿ ಒತ್ತಿ, ಕುಲುಮೆಯಲ್ಲಿ ಬೇಯಿಸಬೇಕು. ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಆ ಪುಡಿಯಲ್ಲಿ ಕರೆಂಟು ಎಳ್ಳಷ್ಟೂ ನಷ್ಟವಿಲ್ಲದೆ ಹರಿಯುತ್ತದೆ. ಅಷ್ಟು ತಣ್ಣಗಿನದಕ್ಕೆ ‘ಉಚ್ಚ ತಾಪದ ಅತಿವಾಹಕ’ ಎಂದು ಹೆಸರಿಟ್ಟವರಿಗೆ ಕೈಮುಗಿಯಬೇಕು. ಲ್ಯಾಬಿನ ಒತ್ತುಯಂತ್ರ ಕೆಟ್ಟಾಗ ಬೈಲಹೊಂಗಲದ ನಮ್ಮ ಓಣಿಯ ಅಕ್ಕಸಾಲಿಗ, ಪತ್ತಾರ ಕಾಕಾ, ನೆನಪಾದರು. ಹ್ಯಾಂಡಲ್ ತಿರುವಿ ತಗಡು ತೆಳುಮಾಡುವ ಯಂತ್ರ ಅವರಲ್ಲಿತ್ತು.

ಅವರು ಹಗುರವಾಗಿ ಒತ್ತಿದ ಪಟ್ಟಿ ಮೊದಲಿಗಿಂತ ಹೆಚ್ಚು ಕರೆಂಟು ಹೊತ್ತು ಸಾಗಿಸಿತು; ಕಣಗಳು ಒತ್ತೊತ್ತಾಗಿ ಕೂತಿದ್ದವು. ಇನ್ನಷ್ಟು ಒತ್ತಿದ್ದು ಇನ್ನಷ್ಟು ಹೊತ್ತಿತು. ಆದರೆ ಒತ್ತಡ ಎಲ್ಲಿ ಮುಳುವಾಗುತ್ತದೆಂದು ತಿಳಿಯದೆ ನನ್ನ ಗ್ರಾಫ್ ಪೂರ್ತಿಯಾಗುವಂತಿರಲಿಲ್ಲ.

“ಕಾಕಾ, ಪೂರಾ ಬಿಗಿ ಮಾಡಿ ಒತ್ರಿ” ಎಂದೆ. ಕೆಡಲೆಂದೇ ಒತ್ತಿಸುತ್ತಿದ್ದೇನೆಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಪಟ್ಟಿ ಫಳಫಳ ಹೊಳೆಯಿತು, ಒಳಗೆಲ್ಲ ಬಿರುಕು. ಕರೆಂಟು ಪಾತಾಳಕ್ಕಿಳಿಯಿತು, ನಾನು ಹಿಗ್ಗಿ ಹೀರೇಕಾಯಿಯಾದೆ. ಊರಿಗೆ ಹೋದಾಗ ಅದೇ ಹುಮ್ಮಸ್ಸಿನಲ್ಲಿ “ಅದು ಕೆಟ್ಟs ಹೋತ್ರಿ ಕಾಕಾ!” ಎಂದು ನಕ್ಕೆ.

“ನನ್ನ ಕೈಯಾಗ ಕೆಟ್ಟತೇನು?” ಎಂದರು ಕಾಕಾ. ಕೆಟ್ಟದ್ದೇ ನನಗೆ ಬೇಕಿತ್ತೆಂದು ಬಿಡಿಸಿ ಹೇಳಿದೆ. ತಲೆಯಾಡಿಸಿದರು, ನಂಬಲಿಲ್ಲ. ಕೆಡಿಸಲಿಕ್ಕೆಂದು ಯಾರಾದರೂ ಪತ್ತಾರನ ಬಳಿ ಬರುತ್ತಾರೆಯೇ?

ಕೆಲವು ದಿನಗಳ ಮೇಲೆ ಬಸ್ಸು ಹಿಡಿದು ಧಾರವಾಡಕ್ಕೇ ಬಂದರು. ಬಟ್ಟೆಯಲ್ಲಿ ಸುತ್ತಿದ ಹೊಸ ಪಟ್ಟಿ ಕೈಗಿಟ್ಟರು.

“ಕೆಡಿಸಿದ ಮಾಲಿಗೆ ಮನಿ ಬೆಳ್ಳಿ ಹಾಕಿ ಮಾಡಿ ಕೊಡೂದು ನಮ್ಮ ರಿವಾಜ ಐತಿ ತಂಗಿ. ಬ್ಯಾಡ ಅನಬ್ಯಾಡ.”

ಒಳಗೆ ಪುಡಿಯಿಲ್ಲದ ಬರೀ ಬೆಳ್ಳಿ. ನನಗೆ ಕವಡೆ ಕಿಮ್ಮತ್ತಿನ ಉಪಯೋಗವಿರಲಿಲ್ಲ. ಆದರೂ ಅವರೆದುರೇ ಅದನ್ನು ಚೀಲದಲ್ಲಿಟ್ಟುಕೊಂಡೆ.

ರಜೆಯಲ್ಲಿ ಅದನ್ನು ಮರಳಿಸಲೆಂದೇ ಅವರ ಮನೆಗೆ ಹೋದೆ. ಕಾಕಾ ಇರಲಿಲ್ಲ. ಅವರ ಹೆಂಡತಿ ಕಾಕು ಚಹಾ ತಂದಿಟ್ಟರು. ಅವರ ಕಾಲು ಬರಿದಾಗಿತ್ತು. ಮದುವೆಯಾದಾಗಿನಿಂದ ಬೆಳ್ಳಿ ಕಡಗ ಕೂತಿದ್ದಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಈಗ ಕರೆಂಟ ಛಲೋ ಓಡತೈತೇನವಾ?” ಕಾಕು ಕೇಳಿದರು. “ತಮ್ಮ ಕೈಗುಣಾನs ಹೋತು ಅಂತ ಕೆಲಸಾನs ಬಿಟ್ಟು ಕುಂತಿದ್ರು. ಇದನ್ನ ನಿನಗ ಕೊಟ್ಟ ಬಂದಮ್ಯಾಲೆ ಯಂತ್ರ ಮುಟ್ಟ್ಯಾರ ನೋಡು.”

“ಓಡತೈತ್ರಿ ಕಾಕು” ಎಂದೆ. ಚೀಲದೊಳಗಿನ ಪಟ್ಟಿಯನ್ನು ಹಿಡಿದಿದ್ದ ಕೈಯನ್ನು ಬರಿದಾಗಿಯೇ ಹೊರತೆಗೆದೆ.