ಬೋರ್ಡು ತಿದ್ದಿದ ತ್ರಿಭುಜ

ಗಣಿತದ ಮೇಡಂಗೆ ಹುಡುಗರು ಇಟ್ಟಿದ್ದ ಅಡ್ಡಹೆಸರು ‘ಮತ್ತೊಮ್ಮೆ ನೋಡು’. ಯಾರು ಕರಿಹಲಗೆಯ ಮೇಲೆ ಎಷ್ಟೇ ಸೊಟ್ಟಗೆ ಗೀಚಿದರೂ ಅವರು ಅಳಿಸುತ್ತಿರಲಿಲ್ಲ. ಕೈಕಟ್ಟಿ ನಿಂತು ಅದೊಂದೇ ಮಾತು ಹೇಳುತ್ತಿದ್ದರು. ಗೀಚಿದವರೇ ತಪ್ಪು ಹುಡುಕಿ ತಿದ್ದಬೇಕು, ಗಂಟೆ ಹೊಡೆದರೂ ಸರಿಯೇ. ಹೀಗೆ ಇಪ್ಪತ್ತನಾಲ್ಕು ವರ್ಷ ಹತ್ತನೇ ತರಗತಿಗೆ ರೇಖಾಗಣಿತ ಕಲಿಸಿದವರು.

ಆಮೇಲೆ ಕರಿಹಲಗೆ ಕಿತ್ತು ಸ್ಮಾರ್ಟ್ ಬೋರ್ಡು ತೂಗುಹಾಕಿದರು. ಧೂಳು ಕೂತೀತೆಂದು ಹೆಡ್‌ಮಾಸ್ತರು ಅದರ ಅಂಚಿನ ಪ್ಲಾಸ್ಟಿಕ್ಕನ್ನೂ ತೆಗೆಯಗೊಡಲಿಲ್ಲ. ಹೊಸ ಅಳಿಯನಿಗೂ ಯಾರೂ ಅಷ್ಟು ಉಪಚಾರ ಮಾಡುವುದಿಲ್ಲ. ಟೈ ಕಟ್ಟಿದವನೊಬ್ಬ ಬಂದು ಅರ್ಧ ದಿನ ತರಬೇತಿ ಕೊಟ್ಟ. ಲಘುಕೋನ, ವಿಶಾಲಕೋನ ಯಾವುದೆಂದು ಅವನಿಗೇ ತಿಳಿಯದು!

“ನೀವು ಹೇಗೆ ಬರೆದ್ರೂ ಅದೇ ತಿದ್ದಿಕೊಳ್ಳತ್ತೆ ಮೇಡಂ,” ಎಂದ.

ಮೇಡಂಗೆ ಮೈಯೆಲ್ಲ ಉರಿಯಿತು.

“ಶುಕ್ರವಾರ ಇಲಾಖೆ ಸಾಹೇಬ್ರು ತಪಾಸಣೆಗೆ ಬರ್ತಾರೆ,” ಎಂದರು ಹೆಡ್‌ಮಾಸ್ತರು. “ಇದರ ಮೇಲೇ ಪಾಠ ಆಗ್ಬೇಕು. ನಿಮ್ಮ ತಕರಾರು ಶುರುವಾದ್ರೆ ಹತ್ತನೇ ಕ್ಲಾಸು ಬೇರೆಯವ್ರಿಗೆ, ನಿಮಗೆ ಲೈಬ್ರರಿ.”

ಲೈಬ್ರರಿಯೆಂದರೆ ಬೀಗ ತುಕ್ಕು ಹಿಡಿದ ಎರಡು ಬೀರು, ಒಂದು ಕುಂಟು ಕುರ್ಚಿ.

ಮನೆಯಲ್ಲಿ ಗಂಡ, ಹೊಲಿಗೆ ಅಂಗಡಿಯವನು, ಕಾಲರಿಗೆ ಸೂಜಿ ಚುಚ್ಚುತ್ತಲೇ ಹೇಳಿದ: “ನನ್ನ ಅಳತೆ ತಪ್ಪಿದ್ರೆ ಗಿರಾಕಿ ಅಂಗೀನ ಮುಖಕ್ಕೆ ಎಸೀತಾನೆ. ನಿನಗೇನು? ಒಂದು ಗಂಟೆ ಬಾಯಿ ಮುಚ್ಕೊಂಡಿರು.”

ಶುಕ್ರವಾರದ ಪಾಠ: ಉದ್ದದ ಬಾಹುವಿನ ಎದುರಿಗಿರುವ ಕೋನವೇ ದೊಡ್ಡದು. ಮೂರು ಬಾಹುವೂ ಬೇರೆಬೇರೆ ಅಳತೆಯ ತ್ರಿಭುಜ ಬರೆಯಲು ಮೇಡಂ ಹಿಂದಿನ ಬೆಂಚಿನ ಹುಡುಗಿಯನ್ನು ಕರೆದರು. ಎರಡು ತಿಂಗಳು ಒದ್ದಾಡಿ ಕೈ ಹದಕ್ಕೆ ತಂದುಕೊಂಡವಳು ಅವಳು. ಬೆರಳಲ್ಲಿ ನೀಟಾಗಿ ಬರೆದಳು. ಬೆರಳೆತ್ತಿದ್ದೇ ತಡ, ಬೋರ್ಡು ಟಣ್ಣೆಂದು ಮೂರು ಬಾಹುವನ್ನೂ ಸಮ ಮಾಡಿ ಹಾಕಿತು.

“ಮೇಡಂ, ನಾನು ಬರೆದಿದ್ದು ಇದಲ್ಲ.”

“ನಿಂದಕ್ಕಿಂತ ಚೆನ್ನಾಗಿದೆ ಬಿಡಮ್ಮ!” ಎಂದು ಸಾಹೇಬರು ನಕ್ಕು ಚಪ್ಪಾಳೆ ತಟ್ಟಿದರು. ಮೂರು ಕೋನವೂ ಅರವತ್ತಾದ ಮೇಲೆ ದೊಡ್ಡ ಕೋನ ಯಾವುದು ಎಂಬ ಪ್ರಶ್ನೆಯೇ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಹೆಡ್‌ಮಾಸ್ತರು ಇನ್ನೂ ಜೋರಾಗಿ ತಟ್ಟಿದರು, ಕಣ್ಣು ಮಾತ್ರ ಮೇಡಂ ಮೇಲಿತ್ತು. ಹುಡುಗಿಯೂ ಮೇಡಂ ಮುಖವನ್ನೇ ನೋಡುತ್ತಿದ್ದಳು. ‘ತಪ್ಪು’ ಅನ್ನುವ ಒಂದೇ ಮಾತು ಸಾಕಿತ್ತು. ಮೇಡಂ ಅದನ್ನು ನುಂಗಿಕೊಂಡು ತಾವೂ ಎರಡು ಸಲ ಚಪ್ಪಾಳೆ ತಟ್ಟಿದರು.

ಸೋಮವಾರ ಪರೀಕ್ಷೆ. ನಾಲ್ಕು, ಐದು, ಏಳು ಸೆಂಟಿಮೀಟರಿನ ತ್ರಿಭುಜ ಬರೆಯಬೇಕಿತ್ತು. ಆ ಹುಡುಗಿ ಮೂರು ಬಾಹುವನ್ನೂ ಸಮವಾಗಿ ಬರೆದು ಕೊಟ್ಟಿದ್ದಳು.

“ಇದೇನಿದು? ತಪ್ಪು ಅಂತ ಗೊತ್ತಾಗಲಿಲ್ವಾ ನಿನಗೆ?”

ಹುಡುಗಿ ತಲೆ ತಗ್ಗಿಸಲಿಲ್ಲ. “ಗೊತ್ತಿತ್ತು ಮೇಡಂ. ಶುಕ್ರವಾರ ನಿಮಗೂ ಗೊತ್ತಿತ್ತು.”

ಹತ್ತನೇ ತರಗತಿ ಮೇಡಂ ಕೈಯಲ್ಲೇ ಉಳಿದಿತ್ತು. ಅದರೆದುರು ಮುಖವೆತ್ತಿ ನಿಲ್ಲುವುದು ಅವತ್ತು ಅವರಿಂದ ಆಗಲಿಲ್ಲ.