ಬೈಲಹೊಂಗಲಕ್ಕೆ ಒಂದು ಸಲಿಕೆ ಹಿಮ

ನಿಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ಹುಡುಗಿ ಬೆಳಿಗ್ಗೆ ಬರಬೇಕಾದ ಹೊತ್ತಿಗೆ ಬಂದಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಅವಳ ಫೋನು ಸ್ವಿಚ್ ಆಫ್. ಸರಿಯಾಗಿ ಆಗಲೇ ಬೈಲಹೊಂಗಲದಿಂದ ಅವಳ ತಾಯಿ ನಿಮಗೆ ಫೋನ್ ಮಾಡುತ್ತಾರೆ. ಏನು ಹೇಳುತ್ತೀರಿ?

ನಾನು ಸುಳ್ಳು ಹೇಳಿದೆ. ಬಸ್ಸು ಲೇಟಂತೆ, ಇನ್ನೇನು ಬಂದುಬಿಡ್ತಾಳೆ ಅಂದೆ. (ಯಾರು ಹೇಳಿದರು ಲೇಟಂತ? ಯಾರೂ ಇಲ್ಲ.)

ಹೋದ ಮಂಗಳವಾರದ ಮಾತು ಇದು. ಹುಡುಗಿಯ ಹೆಸರು ಭಾಗ್ಯ. ಹಗಲು ಕಾಲೇಜು, ವಾರಕ್ಕೆ ಎರಡು ರಾತ್ರಿ ಹತ್ತಿರದ ಊರು ವಾನ್‌ನ ಒಂದು ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಕೆಲಸ. ಶಿಫ್ಟು ಮುಗಿದ ಮೇಲೆ ಜೊತೆಯವರ ಕಾರಿನಲ್ಲಿ ಯಂಗ್ ಸ್ಟ್ರೀಟಿನವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಅರೋರಾದ ನಮ್ಮ ಮನೆಗೆ ಬರುತ್ತಾಳೆ. ಆ ಹೊತ್ತಿಗೆ ನಾನು ಮಗಳ ಲಂಚ್ ಬಾಕ್ಸಿಗೆ ಚಪಾತಿ ಸುತ್ತುತ್ತಿರುತ್ತೇನೆ. ಸೈಡ್ ಡೋರ್ ದಡಕ್ ಅಂದರೆ ಭಾಗ್ಯ ಬಂದಳು ಅಂತ ಲೆಕ್ಕ. ಆವತ್ತು ಬಾಗಿಲು ಸದ್ದು ಮಾಡಲಿಲ್ಲ.

ಸ್ಕೂಲ್ ಬಸ್ಸುಗಳೆಲ್ಲ ಕ್ಯಾನ್ಸಲ್ ಆಗಿದ್ದವು. ಮಗಳು ಖುಷಿಯಿಂದ ಮತ್ತೆ ರಜಾಯಿಯೊಳಗೆ ಹೊಕ್ಕಿದ್ದಳು. ಯಜಮಾನರು ಆಫೀಸಿನ ಕೆಲಸದ ಮೇಲೆ ಬೇರೆ ಊರಲ್ಲಿದ್ದರು. ನಾನು ಕಿಟಕಿಗೂ ಸ್ಟೋವಿಗೂ ಓಡಾಡುತ್ತಿದ್ದೆ. ನನ್ನನ್ನು ವಾರವಾರ ಓದುವವರಿಗೆ ಗೊತ್ತು, ನನಗೆ ಕಾಯುವ ವಿದ್ಯೆ ಬರುವುದಿಲ್ಲ. ಡಾಕ್ಟರ ವೇಟಿಂಗ್ ರೂಮಿನಲ್ಲಿ ಕೂಡ ಕೂತಿರಲಾರದೆ ಅವರ ಮ್ಯಾಗಝೀನುಗಳನ್ನು ಜೋಡಿಸಿಡುವ ಹೆಂಗಸು ನಾನು. ವೇರ್‌ಹೌಸಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ: ಇಂಗ್ಲಿಷಿಗೆ ಒಂದು ಒತ್ತಿ, ಫ್ರೆಂಚಿಗೆ ಎರಡು ಒತ್ತಿ. ಆತಂಕಕ್ಕೆ ಯಾವುದನ್ನು ಒತ್ತುವುದು?

ಭಾಗ್ಯಳ ತಾಯಿಯ ಜೊತೆ ನಾನು ಅದುವರೆಗೆ ಮಾತಾಡಿದ್ದೇ ಇಲ್ಲ. ಹೆಸರು ಮಹಾದೇವಿ ಅಂತ ಮಾತ್ರ ಗೊತ್ತಿತ್ತು. ನನ್ನ ನಂಬರನ್ನು ಭಾಗ್ಯ ಕೊಟ್ಟಿಟ್ಟಿದ್ದಳಂತೆ. ರಾತ್ರಿ ಕೆಲಸ ಮುಗಿಸಿ ಮನೆ ಮುಟ್ಟಿದ ಕೂಡಲೇ ಮಗಳು ಫೋನ್ ಮಾಡುತ್ತಾಳಂತೆ, ಇವತ್ತು ಮಾಡಿಲ್ಲವಂತೆ. ಅಲ್ಲಿ ಆಗ ಸಂಜೆ ದೀಪ ಹಚ್ಚಿ ಆಗಿದೆ. ದನಿ ಶಾಂತವಾಗಿತ್ತು. ಆ ಶಾಂತಿಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ನನ್ನ ಸುಳ್ಳನ್ನು ಅವರು ನಂಬಿದರೋ ಇಲ್ಲವೋ, ಫೋನ್ ಮಾತ್ರ ಇಡಲಿಲ್ಲ.

ಕಾರು ತೆಗೆದು ಹುಡುಕಿಕೊಂಡು ಹೋಗೋಣವೆಂದರೆ ರಸ್ತೆಗಿಳಿಯುವ ಡ್ರೈವ್‌ವೇ ಹೂತು ಹೋಗಿದೆ. ಸ್ವಲ್ಪ ಹಿಮ ಎತ್ತಿಹಾಕೋ ಕೆಲಸ ಇದೆ, ಆಮೇಲೆ ನಾನೇ ಫೋನ್ ಮಾಡಲಾ ಅಂತ ಕೇಳಿದೆ.

"ನೀವು ಕೆಲಸಾ ಮಾಡ್ಕೋರಿ ಅಕ್ಕಾರ. ನನಗ ಅದನ್ನ ತೋರಸ್ರಿ. ಅಕಿ ಏನೂ ತೋರಸೂದಿಲ್ಲ. ಕೇಳಿದ್ರ ಎಲ್ಲಾ ಚಲೋ ಐತವ್ವಾ ಅಂತಾಳ, ಅಷ್ಟ."

ಸರಿ, ವಿಡಿಯೋ ಆನ್ ಮಾಡಿ ಫೋನನ್ನು ಜಾಕೆಟ್ಟಿನ ಎದೆಜೇಬಿನಲ್ಲಿ ಕ್ಯಾಮೆರಾ ಹೊರಗಿಣುಕುವಂತೆ ಸಿಕ್ಕಿಸಿಕೊಂಡೆ. ಸಲಿಕೆ ಹಿಡಿದು ಹೊರಗಿಳಿದೆ. ಹಿಮ ಬೀಳುವುದು ನಿಂತಿತ್ತು. ಆಚೆ ಮನೆಯ ಕಾರು ಬರೀ ಒಂದು ದಿಬ್ಬ. ಮೇಲ್‌ಬಾಕ್ಸು ಟೋಪಿ ಹಾಕಿಕೊಂಡಿತ್ತು. ಎತ್ತು, ಎಸೆ. ಎತ್ತು, ಎಸೆ. ಎದೆಯ ಹತ್ತಿರದಿಂದ ಆಗಾಗ ಒಂದು ಪ್ರಶ್ನೆ ಬರುತ್ತಿತ್ತು. ಭಾರ ಇರತೈತೇನು? ಕೈಗೆ ಹತ್ತತೈತೇನು? ಇದನ್ನೆಲ್ಲಾ ಎಲ್ಲಿ ಚೆಲ್ಲತೀರಿ? ನಾನು ಏದುಸಿರು ಬಿಡುತ್ತ ಉತ್ತರ ಕೊಡುತ್ತಿದ್ದೆ. ಇಬ್ಬರೂ ಭಾಗ್ಯಳ ಹೆಸರೆತ್ತಲಿಲ್ಲ.

ಇನ್ನೇನು ಮುಗಿಯಿತು ಅನ್ನುವಾಗ ಪುರಸಭೆಯ ಪ್ಲೌ ಟ್ರಕ್ಕು ಬಂತು. ರಸ್ತೆಯ ಹಿಮವನ್ನೆಲ್ಲ ನೂಕಿಕೊಂಡು ಬಂದು, ನನ್ನ ಡ್ರೈವ್‌ವೇಯ ಬಾಯಿಗೆ ಸೊಂಟದೆತ್ತರ ಗುಡ್ಡೆ ಹಾಕಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು. ನನ್ನ ಬಾಯಿಂದ ಅಚ್ಚ ಮೈಸೂರು ಬೈಗುಳವೊಂದು ಹೊರಟಿತು. ಎದೆಜೇಬಿನಲ್ಲಿ ಮಹಾದೇವಿಯವರು ಇದ್ದಾರೆ ಅನ್ನುವುದು ಆಮೇಲೆ ನೆನಪಾಯಿತು. ಅವರು ನಕ್ಕರು, ಆ ದಿನ ಮೊದಲ ಸಲ.

"ನಾ ಅಂಗಳಾ ಕಸಾ ಹೊಡದ ಒಳಗ ಬರೂದ್ರಾಗ ಬೇವಿನ ಗಿಡಾ ಮತ್ತ ಎಲಿ ಉದರಸ್ತೈತ್ರಿ. ಇಬ್ಬರದೂ ಒಂದ ನೌಕರಿ ಅನ್ರಿ."

ಆ ಗಟ್ಟಿ ಗುಡ್ಡೆಯನ್ನು ಕೆತ್ತುತ್ತಿದ್ದಾಗ ಬಿಸಿಲು ಬಂತು. ಸುಮ್ಮನೆ ಸುಧಾರಿಸಿಕೊಳ್ಳಲು ನಿಂತೆ. ಮೇಪಲ್ ಮರದ ಕೊಂಬೆಯಿಂದ ಪುಡಿ ಹಿಮ ಉದುರಿ ನನ್ನ ಜಾಕೆಟ್ಟಿನ ಕಪ್ಪು ತೋಳಿನ ಮೇಲೆ ಬಿತ್ತು. ಕರಗಲಿಲ್ಲ, ಅಷ್ಟು ಚಳಿ. ನೋಡಿದರೆ ಒಂದೊಂದು ಚೂರಿಗೂ ಆರಾರು ಕೈ, ಒಂದೊಂದು ಕೈಗೂ ಗರಿ, ಗರಿಗೂ ಗರಿ. ಹದಿನಾಲ್ಕು ಚಳಿಗಾಲ ಕಳೆದಿದ್ದೇನೆ ಈ ದೇಶದಲ್ಲಿ. ಉಪ್ಪು ಹಾಕಿ ಕರಗಿಸಿದ್ದೇನೆ, ಬೂಟಿನಿಂದ ಒದರಿದ್ದೇನೆ, ಶಾಪ ಹಾಕಿದ್ದೇನೆ. ಹೀಗೆ ಮುಖವಿಟ್ಟು ನೋಡಿರಲಿಲ್ಲ. ಫೋನ್ ತೆಗೆದು ತೋಳಿನ ಹತ್ತಿರ ಹಿಡಿದೆ. ಮಸುಕು, ಮಸುಕು, ಆಮೇಲೆ ಒಂದು ಕ್ಷಣ ಫೋಕಸ್ ಆಯಿತು.

ಅತ್ತಲಿಂದ ಮೆಲ್ಲಗೆ, "ಇಷ್ಟ ಸಣ್ಣ ಕೆಲಸಾ ಯಾರ್ ಕುಂತ ಮಾಡ್ಯಾರ್ರೀ?" ಅಂದರು.

ನಾವಿಬ್ಬರೂ ನನ್ನ ತೋಳನ್ನೇ ನೋಡುತ್ತಿದ್ದೆವು. ಬೈಲಹೊಂಗಲದ ಅಡುಗೆಮನೆಯಲ್ಲಿ ಕೂತ ಒಬ್ಬರು, ಗುಡ್ಡೆಯ ನಡುವೆ ನಿಂತ ಒಬ್ಬರು. ದೇವಸ್ಥಾನಕ್ಕೆ ಹೋದರೆ ನನ್ನ ಲಕ್ಷ್ಯವೆಲ್ಲ ಚಪ್ಪಲಿ ಮೇಲೆ. ಧ್ಯಾನದ ಆ್ಯಪ್ ಹಾಕಿಕೊಂಡು ಕೂತರೆ, ಉಸಿರನ್ನು ಗಮನಿಸಿ ಅಂತ ಅದು ಹೇಳುತ್ತದೆ, ನಾನು ಫ್ರಿಜ್ಜಿನ ಸದ್ದನ್ನು ಗಮನಿಸುತ್ತೇನೆ. ಅಂಥವಳು ಆ ಹೊತ್ತು ಎಲ್ಲೂ ಹೋಗದೆ ನಿಂತಿದ್ದೆ.

ಮತ್ತೆ ಇದನ್ನೂ ಹೇಳಬೇಕು. ಅಷ್ಟು ಹೊತ್ತು ನಾನು ಭಾಗ್ಯಳನ್ನು ಪೂರ್ತಿ ಮರೆತಿದ್ದೆ. ಅವರೂ ಮರೆತಿದ್ದರು ಅಂತ ನನ್ನ ಗುಮಾನಿ. ಹೆತ್ತ ತಾಯಿ! ಇದಕ್ಕೆ ಏನು ಹೆಸರು? ಕಲ್ಲು ಮನಸ್ಸೇ? ಅಥವಾ ಬಲ್ಲವರು ಇದನ್ನೇ ಪ್ರಾರ್ಥನೆ ಅನ್ನುತ್ತಾರೋ?

ಅಷ್ಟರಲ್ಲಿ ಫೋನು ಆರಿತು. ಅರ್ಧ ಬ್ಯಾಟರಿ ಇದ್ದ ಫೋನು, ಚಳಿಗೆ ಜೀವ ಬಿಟ್ಟಿತು. ಕೈಯಲ್ಲಿ ಸತ್ತ ಫೋನ್ ಹಿಡಿದಾಗ ಭಾಗ್ಯಳ ಫೋನಿಗೆ ಏನಾಗಿರಬಹುದು ಅಂತ ಹೊಳೆಯಿತು. ಕೊಂಚ ಸಮಾಧಾನವೂ ಆಯಿತು. ಆದರೆ ಬೈಲಹೊಂಗಲದಲ್ಲಿ ಆ ತಾಯಿಗೆ ಈಗ ಮಗಳ ಫೋನೂ ಇಲ್ಲ, ನನ್ನ ಫೋನೂ ಇಲ್ಲ! ಬೂಟು ಬಿಚ್ಚದೆ ಒಳಗೋಡಿ, ಫೋನನ್ನು ಕಂಕುಳಲ್ಲಿ ಒತ್ತಿಕೊಂಡು, ಚಾರ್ಜರಿಗಾಗಿ ಡ್ರಾಯರುಗಳನ್ನೆಲ್ಲ ಬುಡಮೇಲು ಮಾಡುತ್ತಿದ್ದೆ.

ಆಗ ಸೈಡ್ ಡೋರ್ ದಡಕ್ ಅಂದಿತು.

ಭಾಗ್ಯ ನಿಂತಿದ್ದಳು. ಮೂಗು ಕೆಂಪು, ರೆಪ್ಪೆಗಳೆಲ್ಲ ಬಿಳಿ, ಪ್ಯಾಂಟು ತೊಡೆಯವರೆಗೆ ಒದ್ದೆ. ತಬ್ಬಿಕೊಳ್ಳಬೇಕಿತ್ತು. ನಾನು ಬೈದೆ. ಫೋನು ಚಳಿಗೆ ಆಫ್ ಆಯಿತಂತೆ, ಬಸ್ಸು ಬರಲೇ ಇಲ್ಲವಂತೆ, ಕಾದು ಕಾದು ನಡೆದುಕೊಂಡೇ ಬಂದಳಂತೆ. ಅಷ್ಟಕ್ಕೆ ಇಷ್ಟು ಹೊತ್ತಾ, ನಮ್ಮ ಪಕ್ಕದ ಪಾರ್ಕಿನೊಳಗೆ ಹಾದು ಬಂದರೆ ಹತ್ತಿರವಲ್ಲವಾ ಅಂದೆ. ಅವಳು ಗ್ಲೌಸಿನ ಬೆರಳು ಎಳೆಯುತ್ತ ತಲೆ ತಗ್ಗಿಸಿದಳು.

"ಪಾರ್ಕಿನ್ಯಾಗ ಇನ್ನೂ ಯಾರೂ ನಡದಿದ್ದಿಲ್ಲ ಆಂಟಿ. ಒಂದೂ ಹೆಜ್ಜಿ ಇರಲಿಲ್ಲ. ತುಳೀಲಿಕ್ಕೆ ಮನಸ್ಸಾಗಲಿಲ್ಲ. ಬೇಲಿ ಹಿಡದು ಸುತ್ತ ಹಾಕಿ ಬಂದೆ."

ರಾತ್ರಿಯಿಡೀ ನಿಂತು ದುಡಿದ ಹುಡುಗಿ! ಮೊಣಕಾಲುದ್ದ ಹಿಮದಲ್ಲಿ! ಅಂದ ಕೆಡದಿರಲಿ ಅಂತ!

ಫೋನಿಗೆ ಜೀವ ಬಂತು. ಮಹಾದೇವಿಯವರು ಮೊದಲ ರಿಂಗಿಗೇ ಎತ್ತಿದರು. ಮಗಳ ದನಿ ಕೇಳಿ, ಅಷ್ಟು ಹೊತ್ತು ಶಾಂತವಾಗಿದ್ದವರು ಅತ್ತುಬಿಟ್ಟರು. ಅತ್ತು, ಬೈದು, ಏನಾದರೂ ತಿಂದೆಯಾ ಅಂತ ಕೇಳಿದರು. ನಾನು ಫೋನ್ ಕಸಿದುಕೊಂಡು, ಸ್ಪೀಕರಿಗೆ ಹಾಕಿ ಚಾಡಿ ಹೇಳಿದೆ. ನಿಮ್ಮ ಮಗಳು ಏನು ಮಾಡಿದಾಳೆ ಕೇಳಿ ಅಂತ ಪಾರ್ಕಿನ ಕಥೆಯನ್ನೆಲ್ಲ ಒಪ್ಪಿಸಿದೆ. ನನ್ನ ಜೊತೆ ಸೇರಿ ಅವರೂ ಇನ್ನೊಂದು ಸುತ್ತು ಬೈಯಲಿ ಅಂತ ಆಸೆ.

ಅವರು ಬೈಯಲಿಲ್ಲ.

"ಹಂಗಾರ ಅಕಿ ಅಲ್ಲಿ ಆರಾಮ ಅದಾಳ ಬಿಡ್ರಿ," ಅಂದರು. "ಬಾಳ ತ್ರಾಸಿನ್ಯಾಗ ಇದ್ದವರು ಹಂಗ ಸುತ್ತ ಹಾಕೂದಿಲ್ಲ. ಇಷ್ಟ ದಿನಾ ನನಗ ಗೊತ್ತಾಗವಲ್ದಾಗಿತ್ತ."

ಭಾಗ್ಯ ಬೂಟಿನ ಲೇಸು ಬಿಚ್ಚಲು ಬಗ್ಗಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ನಾನು ಚಹಾಕ್ಕೆ ನೀರಿಟ್ಟೆ.

ಅವಳು ಮಲಗಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನ ಮಗಳನ್ನು ಕರೆದುಕೊಂಡು ಪಾರ್ಕಿಗೆ ಹೋದೆ. ತಡವಾಗಿತ್ತು. ಸ್ಕೂಲಿಲ್ಲದ ಮಕ್ಕಳು, ಹಗ್ಗ ಬಿಚ್ಚಿದ ನಾಯಿಗಳು, ಹಿಮದ ಮೇಲೆ ಜಾರುವ ಸ್ಲೆಡ್ಡುಗಳು ಸೇರಿ ನಡುವಿನ ಬಯಲನ್ನೆಲ್ಲ ಕಲಸಿಬಿಟ್ಟಿದ್ದವು. ನನ್ನ ಮಗಳೂ ಕೂಗುತ್ತ ಅದರೊಳಗೆ ಓಡಿದಳು. ಬೇಲಿಗುಂಟ ಮಾತ್ರ ಒಬ್ಬರೇ ನಡೆದ ಹೆಜ್ಜೆಗುಂಡಿಗಳ ಸಾಲು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಎಲ್ಲೂ ಒಳಗೆ ತಿರುಗದೆ ಹೋಗಿತ್ತು.

ನೀವು ಯಾವುದನ್ನಾದರೂ ತುಳಿಯಲು ಮನಸ್ಸಾಗದೆ ಸುತ್ತು ಹಾಕಿಕೊಂಡು ಹೋಗಿ ಎಷ್ಟು ಕಾಲವಾಯಿತು?