ಕೆಂಪು ಗುಳಿಗೆ ಮತ್ತು ನಗೆಚಿತ್ರದ ವಹಿ

ಜಡೆ ಹಾಕಿಕೊಳ್ಳುವಾಗ ಕುತ್ತಿಗೆಯ ಎಡಗಡೆ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋಯದಿದ್ದನ್ನು ಯಾರಿಗೇನು ಹೇಳುವುದೆಂದು ಬಿಟ್ಟೆ. ಎರಡು ತಿಂಗಳಲ್ಲಿ ಅದು ಅಡಿಕೆಯಷ್ಟಾಯಿತು. ಸಂಜೆಯಾದರೆ ಜ್ವರ.

ನಿಪ್ಪಾಣಿಯ ಡಾಕ್ಟರು ಮುಟ್ಟಿ ನೋಡಿ, ನನ್ನನ್ನು ಹೊರಗೆ ಕೂಡ್ರಿಸಿ, ನಮ್ಮ ಮನೆಯವರನ್ನು ಒಳಗೆ ಕರೆದರು.

ಗಂಟು ನನ್ನದು. ಮಾತು ಅವರ ಜೊತೆ.

ಮಿರಜದಲ್ಲಿ ಬಯಾಪ್ಸಿ ಆಯಿತು. ರಿಪೋರ್ಟು ತರಲು ಇವರೊಬ್ಬರೇ ಹೋದರು. ಬಂದವರೇ ಗುಳಿಗೆಯ ಚೀಲವನ್ನು ನಮ್ಮ ಅತ್ತೆಯ ಮುಂದಿಟ್ಟು, "ಗಂಟಿನ ಟಿಬಿ ಅಂತ. ಕ್ಯಾನ್ಸರ್ ಅಲ್ಲ. ಒಂಬತ್ತ ತಿಂಗಳ ಗುಳಿಗಿ ನುಂಗಿದ್ರ ಕರಗತೈತಿ," ಎಂದರು. ನನ್ನ ಮುಖ ನೋಡಲಿಲ್ಲ.

ನಾನು ನಂಬಲಿಲ್ಲ.

ಕಾರಣ, ನನ್ನ ನಗೆಚಿತ್ರದ ವಹಿ. ಇವರು ಗುಮಾಸ್ತರಾಗಿರುವ ತಂಬಾಕಿನ ವಖಾರಿಗೆ ಬಂದ ಪೇಪರು ಮರುದಿನ ನಮ್ಮ ಮನೆಗೆ ಬರುತ್ತದೆ. ಅದರ ಮೂರು ಚೌಕದ ನಗೆಚಿತ್ರವನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟು ಹಚ್ಚಿ ವಹಿಯಲ್ಲಿ ಅಂಟಿಸುವ ಹುಚ್ಚು ನನಗೆ. ಟೊಪ್ಪಿಗೆಯವನೊಬ್ಬ ದಿನಾ ಏನೋ ಜಾಣತನ ಮಾಡಲು ಹೋಗಿ ಮೂರನೇ ಚೌಕದಲ್ಲಿ ಬೀಳುತ್ತಾನೆ. ಮರುದಿನ ಏನೂ ಆಗದವನಂತೆ ಅದೇ ಟೊಪ್ಪಿಗೆ ಹಾಕಿಕೊಂಡು ಹಾಜರ್. ಪೇಪರಿನಲ್ಲಿ ಒಂದೊಂದೇ ನೋಡಿದರೆ ಸಣ್ಣ ನಗೆ ಬಂದೀತು, ಅಷ್ಟೇ. ವಹಿಯಲ್ಲಿ ನೂರನ್ನು ಒಟ್ಟಿಗೆ ಓದಿದರೆ ಹೊಟ್ಟೆ ಹಿಡಿದುಕೊಂಡು ನಗಬೇಕು. ನಗುನಗುತ್ತಲೇ ಅವನ ಮೇಲೆ ಅಕ್ಕರೆಯೂ ಹುಟ್ಟುತ್ತದೆ.

"ಕೆಲಸಿಲ್ಲದಾಕಿ," ಎನ್ನುತ್ತಿದ್ದ ಅತ್ತೆ ಈಗ ತಾವೇ ಅಂಟು ಕುದಿಸತೊಡಗಿದರು. ಹೊಲಿಗೆ ಹಾಕಿದ ಕುತ್ತಿಗೆ ಬಗ್ಗಿಸಬಾರದೆಂದು ಇವರೇ ಚಿತ್ರಗಳನ್ನು ಸೊಟ್ಟಗೆ ಕತ್ತರಿಸಿ ಅಂಟಿಸತೊಡಗಿದರು. ದಿನಾ ಒಂದೇ ಪ್ರಶ್ನೆ.

"ವಹಿ ನೋಡಿದೇನ?"

ಇಂಥ ಉಪಚಾರ ಹೋಗುವವರಿಗೇ ಎಂದು ಖಾತ್ರಿಯಾಯಿತು. ವಹಿ ಮುಟ್ಟಲಿಲ್ಲ.

ಗುಳಿಗೆ ಶುರುವಾದ ಮರುದಿನ ಮೂತ್ರ ಕೆಂಪಾಗಿತ್ತು.

ರಕ್ತವೇ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಅಂದಿನಿಂದ ನುಂಗಿದಂತೆ ಮಾಡಿ ಗುಳಿಗೆಗಳನ್ನು ಗೋಧಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಎರಡು ದಿನದಲ್ಲಿ ಕೆಂಪು ಹೋಯಿತು. ಗುಳಿಗೆಯಲ್ಲೇ ಮೋಸವಿದೆ ಎನ್ನಲು ಇನ್ನೇನು ಬೇಕು? ಆದರೆ ಜ್ವರ ಹೋಗಲಿಲ್ಲ. ಗಂಟು ಇನ್ನಷ್ಟು ಉಬ್ಬಿತು.

ಹನ್ನೊಂದನೆಯ ದಿನ ಇವರು ಮತ್ತೆ ಅದನ್ನೇ ಕೇಳಿದಾಗ ತಡೆಯಲಾಗಲಿಲ್ಲ.

"ಸಾಯೂದ ಐತಿ ಅಂದ್ರ ಬಾಯಿಬಿಟ್ಟ ಹೇಳ್ರಿ. ನಗಸಿ ಕಳಸಬ್ಯಾಡ್ರಿ."

ಇವರು ವಹಿ ತೆಗೆದು, ರಿಪೋರ್ಟು ತಂದ ದಿನದ ಪುಟ ಬಿಚ್ಚಿ ನನ್ನ ಮಡಿಲಲ್ಲಿಟ್ಟು ಹೊರಗೆ ಹೋದರು. ಚಿತ್ರದಲ್ಲಿ ಟೊಪ್ಪಿಗೆಯವನು ಏಣಿಯಿಂದ ಬಿದ್ದಿದ್ದ. ಕೆಳಗೆ ಇವರ ದುಂಡನೆಯ ಅಕ್ಷರ: "ಈ ಗುಳಿಗೆಯಿಂದ ಮೂತ್ರ ಕೆಂಪಗಾಗುತ್ತದೆಂದು ಡಾಕ್ಟರು ಹೇಳಿದ್ದಾರೆ. ರಕ್ತವಲ್ಲ. ಹೆದರಬೇಡ. ಅವ್ವನ ಎದುರು ಹೇಳಲಾಗಲಿಲ್ಲ. ಒಂದು ದಿನವೂ ತಪ್ಪಿಸಬೇಡ."

ಒಂದೇ ಖೋಲಿಯ ಮನೆ ನಮ್ಮದು. ಅತ್ತೆ ಇಲ್ಲದ ಹೊತ್ತೇ ಇಲ್ಲ. ಮೂತ್ರದ ಮಾತನ್ನು ತಾಯಿಯ ಮುಂದೆ ಹೆಂಡತಿಗೆ ಹೇಳಲು ನಾಚಿದ ಮನುಷ್ಯ, ನಾನು ಹೇಗೂ ತಪ್ಪದೆ ಓದುವ ಜಾಗದಲ್ಲಿ ಬರೆದಿಟ್ಟಿದ್ದರು. ಮುಂದಿನ ಪ್ರತಿ ಚಿತ್ರದ ಕೆಳಗೂ ಒಂದೇ ಸಾಲಿತ್ತು: "ಇವತ್ತಾದರೂ ಓದಿದೆಯಾ?"

ಗೋಧಿ ಡಬ್ಬಿ ತಂದು ಅತ್ತೆಯ ಎದುರೇ ಸುರುವಿದೆ. ನಾಚಿಕೆಯಾಯಿತು, ಅಳುವೂ ಬಂತು.

ನಾನೂ ಇವರೂ ಮಿರಜಕ್ಕೆ ಹೋದಾಗ ಡಾಕ್ಟರು ಇಬ್ಬರಿಗೂ ಬೈದರು. "ಇನ್ನ ಮ್ಯಾಲ ನಿಮಗ ಹೇಳತೀನ್ರಿ ಬಾಯಾರ, ಇವರಿಗಲ್ಲ," ಎಂದು ಮೊದಲ ಸಲ ನನ್ನ ಕಡೆಗೇ ತಿರುಗಿ ಕುಳಿತರು. ಗುಳಿಗೆ ಮೊದಲಿನಿಂದ ಶುರುವಾಯಿತು.

ಹೋದ ತಿಂಗಳು ಒಂಬತ್ತು ತಿಂಗಳು ಮುಗಿದವು. ಗಂಟು ಕರಗಿದೆ ಎನ್ನುತ್ತಾರೆ. ಆದರೂ ಜಡೆ ಹಾಕುವಾಗ ಬೆರಳು ದಿನಾ ಅಲ್ಲಿಗೆ ಹೋಗಿ ತಡಕುತ್ತದೆ. ಸಂಶಯ ಪೂರ್ತಿ ಹೋಗುವ ಜಾತಿಯಲ್ಲ ನಾನು.

ಕತ್ತರಿ ಮತ್ತೆ ನನ್ನ ಕೈಗೆ ಬಂದಿದೆ. ಇವರ ಸೊಟ್ಟ ಚಿತ್ರಗಳನ್ನು ಕಿತ್ತು ಸರಿಮಾಡಲು ಮನಸ್ಸು ಬರಲಿಲ್ಲ. ಅವುಗಳಲ್ಲಿ ಕೊನೆಯದರ ಕೆಳಗೆ, ಅವರ ಪ್ರಶ್ನೆಯ ಪಕ್ಕದಲ್ಲಿ, ಪೆನ್ಸಿಲಿನಿಂದ ಬರೆದೆ: "ಓದಿದೆ."